ಟಾರ್ಕಿಲ್ ಮುಟ್ಟಿದ ತುದಿ

ಸ್ಕಾಟ್ಲೆಂಡಿನ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳಲ್ಲಿ ಟಾರ್ಕಿಲ್ ಹತ್ತದೆ ಉಳಿದಿದ್ದು ಇದೊಂದೇ. ಇದಾದ ಮೇಲೆ ಬೆಟ್ಟದ ಮಾತೇ ಬೇಡವೆಂದು ಹೃದಯದ ಡಾಕ್ಟರು ಹೇಳಿದ್ದರು. ದಟ್ಟ ಮಂಜಿನಲ್ಲಿ ಅವನಿಗೂ ಹೆಂಡತಿ ಎಲ್ಸ್‌ಪೆತ್‌ಗೂ ಅವಳ ತಮ್ಮ ಇನ್ನಿಸ್ ದಾರಿ ತೋರಿಸಿದ. ತುದಿಯ ಗುರುತಿಗೆ ಇಡುವಂಥ ಕಲ್ಲುಗುಪ್ಪೆ ಸಿಕ್ಕಾಗ ಟಾರ್ಕಿಲ್ ಅದನ್ನು ಮುಟ್ಟಿ ಅತ್ತುಬಿಟ್ಟ. ಮೂವರೂ ವಿಸ್ಕಿ ಕುಡಿದು ಇಳಿದರು.

ಕೆಳಗೆ ಕಾರಿನ ಬಳಿ ಟಾರ್ಕಿಲ್ ಬೂಟು ಬಿಚ್ಚಿದ ಮೇಲೆ ಇನ್ನಿಸ್ ಬಾಯಿಬಿಟ್ಟ.

"ಭಾವ, ನೀವು ಮುಟ್ಟಿದ್ದು ತುದಿ ಅಲ್ಲ. ನಿಜವಾದ ತುದಿ ಇನ್ನೂ ಕಾಲು ಮೈಲಿ ಮುಂದಿತ್ತು."

"ತಮಾಷೆ ಮಾಡ್ಬೇಡ ಕಣೋ."

"ನಾನು ಒಂದ್ಸಲ ತುದಿಗಿಂತ ಸ್ವಲ್ಪ ಕೆಳಗೇ ನಿಂತೆ ಅಂತ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ನಗಾಡ್ತಿದ್ರಲ್ಲ. ಈಗ ನಗಿ."

ಮಂಜು ಸರಿದಿತ್ತು. ಅವರು ಹತ್ತಿ ಇಳಿದಿದ್ದ ಗುಡ್ಡದ ಹಿಂದೆ ಅದಕ್ಕಿಂತ ಎತ್ತರದ ತುದಿ ಸ್ಪಷ್ಟವಾಗಿ ಕಾಣುತ್ತಿತ್ತು. ಟಾರ್ಕಿಲ್ ಮತ್ತೆ ಬೂಟಿಗೆ ಕೈಹಾಕಿದ.

"ಅಲ್ಲೇ ಹೇಳೋಕೆ ಏನಾಗಿತ್ತೋ ನಿಂಗೆ?" ಎಂದು ಎಲ್ಸ್‌ಪೆತ್ ತಮ್ಮನ ಮೇಲೆ ರೇಗಿದಳು.

"ಅಲ್ಲಿ ಹೇಳಿದ್ರೆ ಹೋಗಿ ಮುಟ್ಟಿ ಬಂದ್ಬಿಡ್ತಿದ್ರಲ್ಲಕ್ಕಾ."

ಅವಳು ಗಂಡನ ಕೈಯಿಂದ ಬೂಟು ಕಿತ್ತುಕೊಂಡು ಡಿಕ್ಕಿಯೊಳಗೆ ಎಸೆದು ಬೀಗ ಹಾಕಿದಳು.

"ಸಾಕು, ಹತ್ರಿ ಕಾರು. ನಿಮ್ಮ ಹೆಣ ಹೊತ್ಕೊಂಡು ಇಳಿಯೋಕೆ ನನ್ನ ಕೈಲಾಗಲ್ಲ."

ಟಾರ್ಕಿಲ್ ಒದ್ದೆ ಕಾಲುಚೀಲದಲ್ಲೇ ಬೆಟ್ಟ ನೋಡುತ್ತ ನಿಂತಿದ್ದ. ಇನ್ನಿಸ್ ಹಾರ್ನ್ ಹೊಡೆದ.