ಬೈಲಪ್ಪನವರ ಕಾಲಿಗೆ ಒಪ್ಪಿದ ಶೂ

ಕತ್ರಿಗುಪ್ಪೆಯ ಬೈಲಪ್ಪನವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ. ಕಾಲಿನ ಕಡೆ ಮಾತ್ರ ಗಮನವಿರಲಿಲ್ಲ. ತಂಗಿಯ ಮಗಳ ಮದುವೆಗೆಂದು ಹೊಸ ಶೂ ತಂದರು. ಮುಂದೆ ಚೂಪು, ಒಳಗೆ ಇಕ್ಕಟ್ಟು.

"ರೀ, ಬಿಗಿ ಆಯ್ತೇನೋ," ಎಂದರು ಹೆಂಡತಿ ಅಣ್ಣಮ್ಮ.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡೆ. ಬರಿಗಾಲಲ್ಲಿ ಹೊಲ ಉತ್ತ ಕಾಲು ಇದು!"

ಮದುವೆ ಮನೆಯಲ್ಲಿ ದಿನವಿಡೀ ಓಡಾಡಿದರು. ಸಂಜೆ ಬಂದು ಶೂ ಬಿಚ್ಚಿದರೆ ಸಾಕ್ಸ್ ರಕ್ತದಲ್ಲಿ ತೊಯ್ದಿತ್ತು. ಕಿರುಬೆರಳಿನ ಪಕ್ಕ ಬೊಬ್ಬೆ ಒಡೆದು ಹುಣ್ಣಾಗಿತ್ತು. ಅಣ್ಣಮ್ಮ ಹೌಹಾರಿ, ಮಹಡಿಯ ಬಾಡಿಗೆ ಮನೆಯಲ್ಲಿದ್ದ ನರ್ಸ್ ಶಾಂತಲಾಳನ್ನು ಕೂಗಿದರು.

"ಅರಿಶಿನ ಹಚ್ಚಿದ್ರೆ ಸರಿಹೋಗುತ್ತಮ್ಮ. ನೋವೇ ಇಲ್ಲ ನಂಗೆ," ಎಂದರು ಬೈಲಪ್ಪ.

"ಅಂಕಲ್, ನೋವಿಲ್ಲ ಅನ್ನೋದೇ ನಂಗೆ ಭಯ. ಶುಗರ್ ಇದ್ದೋರಿಗೆ ಕಾಲು ಜೋಮು ಹಿಡಿದು, ಶೂ ಕಚ್ಚಿದ್ರೂ ಗೊತ್ತಾಗಲ್ಲ. ಕೀವು ತುಂಬಿದ್ರೆ ಬೆರಳೇ ತೆಗೀಬೇಕಾಗ್ಬಹುದು. ಏಳಿ, ಈಗ್ಲೇ ಡಾಕ್ಟ್ರ ಹತ್ರ ಹೋಗೋಣ."

ಬೈಲಪ್ಪನವರ ಅಣ್ಣ ಇಂಥದ್ದೇ ಹುಣ್ಣಿನಿಂದ ಕಾಲು ಕಳೆದುಕೊಂಡಿದ್ದರು. ಅದು ನೆನಪಾಯಿತು. ಎದ್ದು ಶಾಂತಲಾಳ ಜೊತೆ ಹೊರಟರು.

ವಾರಗಟ್ಟಲೆ ಡ್ರೆಸ್ಸಿಂಗ್ ನಡೆಯಿತು. ಹುಣ್ಣು ಮಾಯಿತು, ಬೆರಳು ಉಳಿಯಿತು. ಶೂ ಹಾಕಬಹುದೆಂದು ಡಾಕ್ಟರು ಹೇಳಿದ ಮೇಲೆ ಶಾಂತಲಾ ಒಂದು ಸಂಜೆ ದಂಪತಿಯನ್ನು ಜಯನಗರದ ಅಂಗಡಿಗೆ ಕರೆದೊಯ್ದಳು.

"ಸಂಜೇನೇ ಯಾಕಮ್ಮ?"

"ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತೆ ಅಂಕಲ್. ಬೆಳಿಗ್ಗೆ ಸರಿಹೋಗಿದ್ದು ಸಂಜೆ ಬಿಗಿಯಾಗುತ್ತೆ."

ನಿಲ್ಲಿಸಿಯೇ ಎರಡೂ ಪಾದಗಳ ಅಳತೆ ತೆಗೆಸಿದಳು. ಬಲಗಾಲು ತುಸು ದೊಡ್ಡದು. ಅದಕ್ಕೆ ತಕ್ಕ ಶೂ ಹುಡುಕಿದಳು. ಮುಂಭಾಗ ಅಗಲ, ಒಳಗೆ ಮೆತ್ತಗೆ, ಚುಚ್ಚುವ ಹೊಲಿಗೆಯಿಲ್ಲ. ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನಗಲ ಜಾಗ. ನಡೆದರೆ ಹಿಮ್ಮಡಿ ಜಾರಲಿಲ್ಲ.

"ಮೊದಮೊದಲು ಮನೇಲೇ ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ಬಿಚ್ಚಿ, ಎಲ್ಲಾದ್ರೂ ಕೆಂಪಾಗಿದ್ಯಾ ನೋಡಿ. ಹಾಕೋ ಮುಂಚೆ ಒಳಗೆ ಕೈಯಾಡ್ಸಿ, ಕಲ್ಲುಗಿಲ್ಲು ಇರುತ್ತೆ."

"ದಿನಾ ಅಂಗಾಲು ನಾನು ನೋಡ್ತೀನಿ ಬಿಡು," ಎಂದರು ಅಣ್ಣಮ್ಮ.

ಯುಗಾದಿಯ ದಿನ ಬೈಲಪ್ಪ ತಾವೇ ಒಬ್ಬಟ್ಟಿನ ಡಬ್ಬಿ ಹಿಡಿದು ಮಹಡಿ ಹತ್ತಿದರು.

"ಅವತ್ತು ನೀನು ಹಟ ಹಿಡೀದೆ ಇದ್ದಿದ್ರೆ ಈ ಮೆಟ್ಟಿಲು ಹತ್ತೋಕಾಗ್ತಿತ್ತೋ ಇಲ್ವೋ ತಾಯಿ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದವರಿಗೆ ಕಣ್ಣು ತುಂಬಿ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಶುಗರ್ ಇರುವವರಿದ್ದಾರೆಯೇ? ಇವತ್ತೇ ಅವರ ಪಾದ ನೋಡಿ, ಶೂ ಚಪ್ಪಲಿ ನೋಡಿ. ಗಾಯ ಕಂಡರೆ ನೋವಿಲ್ಲವೆಂದು ಬಿಡಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ಶೂ ಕಾಲಿಗೆ ಹೊಂದಬೇಕು. ಕಾಲು ಶೂಗೆ ಹೊಂದಿಕೊಳ್ಳಲಿ ಎಂದು ಕಾಯಬೇಡಿ.