ಉಳಿ ಬಿದ್ದ ರೂಪಾಯಿಗಳು

ಸೀತವ್ವ ರೊಟ್ಟಿ ಬಡಿಯುತ್ತಿದ್ದಳು. ಮಗ ಭಾಗಪ್ಪ ಉಣ್ಣಲು ಕುಳಿತಿದ್ದ. ಎರಡನೆಯ ರೊಟ್ಟಿ ತಾಟಿಗೆ ಬಿದ್ದರೂ ಮೊದಲನೆಯದು ಮುರಿದಿರಲಿಲ್ಲ. ಅವನ ಕಣ್ಣು ಜೋಳದ ಗಡಿಗೆಯ ಹಿಂದಿದ್ದ ಗೂಡಿನ ಮೇಲಿತ್ತು.

ಅಪ್ಪ ಧೂಳಪ್ಪ ತೀರಿಕೊಂಡು ಹದಿನೈದು ದಿನವಾಗಿತ್ತು. ಮನೆ ಸಾರಿಸುವಾಗ ಆ ಗೂಡಿನಲ್ಲಿ ಒಂದು ಅರಿವೆಯ ಚೀಲ ಸಿಕ್ಕಿತ್ತು. ಅದರೊಳಗೆ ದಾಡಿ ಬಿಟ್ಟ ರಾಜನ ಮುಖದ ಮೂವತ್ತೆಂಟು ಹಳೆಯ ರೂಪಾಯಿ. ಒಂದೊಂದರ ಮೇಲೂ ಅಡ್ಡಲಾಗಿ ಒಂದು ಆಳವಾದ ಗಾಯ. ಧೂಳಪ್ಪ ತಿಕೋಟಾದ ವಾಲಿಕಾರ. ಗೌಡರು ಕಟ್ಟಿಕೊಟ್ಟ ಕಂದಾಯದ ಚೀಲ ಹೊತ್ತು ವಿಜಾಪುರದ ಖಜಾನೆಯವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಬರುವುದು ಅವನ ಚಾಕರಿ. ಊರ ಹೊರಗಿನ ಕೇರಿಯ ಇಂಥ ಮನೆಯಲ್ಲಿ ಒಪ್ಪೊತ್ತಿನ ಜೋಳವೇ ದೊಡ್ಡದಾಗಿರುವಾಗ, ಇಷ್ಟು ರೂಪಾಯಿ ಎಲ್ಲಿಂದ ಬಂದವು?

"ಯವ್ವಾ, ಇವು ಎಲ್ಲಿವು?" ಎಂದು ಭಾಗಪ್ಪ ಮತ್ತೊಮ್ಮೆ ಕೇಳಿದ.

"ನಿಮ್ಮಪ್ಪ ಇಟ್ಟಾನ. ನನಗೇನ ಗೊತ್ತು? ಉಣ್ಣು ಮೊದಲ," ಎಂದ ಸೀತವ್ವ ಒಲೆಯತ್ತ ತಿರುಗಿದಳು.

ಅವನು ರೊಟ್ಟಿ ಮುರಿಯದಿರಲು ಇನ್ನೊಂದು ಕಾರಣವಿತ್ತು. ಅದು ಅರವತ್ತಮೂರನೆಯ ಇಸವಿ. ತಲೆತಲಾಂತರದ ಊರ ಚಾಕರಿಯ ವತನ ರದ್ದಾಗಿ, ಚಾಕರಿಗೆಂದು ಕೊಟ್ಟ ಹೊಲ ಇನ್ನು ವಾಲಿಕಾರರ ವಾರಸುದಾರರಿಗೇ ಸೇರುತ್ತದೆ ಎಂಬ ಕಾಯ್ದೆ ಬಂದಿತ್ತು. ಧೂಳಪ್ಪನ ಪಾಲಿನದು ನಾಲ್ಕು ಎಕರೆ. ಕಾಯ್ದೆಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮುದಿ ಗೌಡ ಬಸಗೊಂಡಪ್ಪ ಭಾಗಪ್ಪನನ್ನು ಕರೆಸಿದ್ದ. ಗೌಡ ಕಟ್ಟೆಯ ಮೇಲೆ ಕುಳಿತಿದ್ದ, ಭಾಗಪ್ಪ ಕೆಳಗೆ ನಿಂತಿದ್ದ.

"ನಿಮ್ಮಪ್ಪ ಕಂದಾಯದ ಚೀಲಕ್ಕ ಕೈ ಹಾಕ್ತಿದ್ದ ಲೇ ಭಾಗ್ಯಾ. ಊರ ಮರ್ಯಾದಿ ಅಂತ ನಾ ಬಾಯಿ ಮುಚಗೊಂಡು ಕುಂತೆ. ನೀ ಸರ್ಕಾರಿ ಕಚೇರ್ಯಾಗ ಜವಾನ ಅದಿ. ಕಳ್ಳನ ಮಗ ಅಂತ ಸಾಹೇಬರಿಗೆ ಗೊತ್ತಾದ್ರ ನಿನ್ನ ಗತಿ ಏನು? ಆ ಹೊಲ ನನಗ ಬಿಟ್ಟೇನಿ ಅಂತ ಸೋಮವಾರದೊಳಗ ಸಹಿ ಮಾಡು. ನಾನೂ ಮರೀತೇನಿ, ನೀನೂ ಮರಿ."

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾಗಪ್ಪ ಕದ್ದವನಲ್ಲ, ಆದರೂ ಮುಟ್ಟಿ ನೋಡಿಕೊಂಡ. ಗೂಡಿನಲ್ಲಿದ್ದ ಚೀಲ ಕಣ್ಣಿಗೆ ಕಟ್ಟಿತು. ಅಂದಿನಿಂದ ಕಚೇರಿಯ ಬಾಗಿಲಲ್ಲಿ ಪೊಲೀಸರ ಟೊಪ್ಪಿಗೆ ಕಂಡರೆ ಸಾಕು, ಅವನು ಹಿಂದಿನ ಕೋಣೆಗೆ ಸರಿಯುತ್ತಿದ್ದ. ಸಾಹೇಬರು ಕರೆದರೆ ಕೈಯಲ್ಲಿದ್ದ ಚಹಾದ ಕಪ್ಪು ಬಸಿಯಲ್ಲಿ ಗಲಗಲ ಎನ್ನುತ್ತಿತ್ತು. ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು. ಸತ್ತವನ ಮೇಲೆ ಸಿಟ್ಟಾಗುವುದು ಎಂಥ ಸಂಕಟವೆಂದು ಆಗಲೇ ಅವನಿಗೆ ತಿಳಿದದ್ದು.

ಕಡೆಗೆ ಒಂದು ಯೋಚನೆ ಹೊಳೆಯಿತು. ಈ ರೂಪಾಯಿಗಳ ಬೆಲೆ ಎಷ್ಟೆಂದು ತಿಳಿದರೆ ಅಪ್ಪ ಕದ್ದದ್ದು ಎಷ್ಟೆಂದು ತಿಳಿಯುತ್ತದೆ. ಅಷ್ಟನ್ನೂ ಗೌಡರ ಮುಂದೆ ಸುರಿದು ಕಾಲು ಹಿಡಿದರೆ ಹೊಲವಾದರೂ ಉಳಿದೀತು.

ಶನಿವಾರ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ವಿಜಾಪುರದ ಗಾಂಧಿ ಚೌಕಕ್ಕೆ ಹೋದ. ಸರಾಫಿ ಅಂಗಡಿಯ ಗುರುಪಾದಯ್ಯನ ಮುಂದೆ ಗಿರಾಕಿಗಳಿದ್ದರು. ಅವರೆಲ್ಲ ಹೋಗುವವರೆಗೆ ಎದುರಿನ ಬೇವಿನ ಗಿಡದ ಕೆಳಗೆ ನಿಂತ. ಇಬ್ಬರು ಪೊಲೀಸರು ಹಾದುಹೋದಾಗ ಗಿಡವನ್ನೇ ಅಪ್ಪಿಕೊಳ್ಳುವಷ್ಟು ಹತ್ತಿರ ಸರಿದ. ಅಂಗಡಿ ಬರಿದಾದ ಮೇಲೆ ಹೊಸ್ತಿಲ ಕಲ್ಲಿನ ಮೇಲೆ ರೂಪಾಯಿ ಸುರಿದ. ಯಾವ ಕೇರಿಯವನೆಂದು ಕೇಳಿ ತಿಳಿದುಕೊಂಡ ಗುರುಪಾದಯ್ಯ ಅವುಗಳ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಆಮೇಲೆಯೇ ಕೈಗೆತ್ತಿಕೊಂಡ. ಭಾಗಪ್ಪನಿಗೆ ಅದು ಹೊಸದೇನಲ್ಲ.

ಸರಾಫ ಒಂದು ರೂಪಾಯಿಯನ್ನು ಕಲ್ಲಿನ ಮೇಲೆ ಬೀಳಿಸಿದ. ಠಣ್ ಎನ್ನಬೇಕಾದದ್ದು ಠಪ್ ಎಂದಿತು. ಎರಡನೆಯದೂ ಠಪ್. ಹತ್ತಿಪ್ಪತ್ತು ಬೀಳಿಸಿ, ಕನ್ನಡಕ ಏರಿಸಿದ.

"ಎಲ್ಲಿವು ಇವು?"

ಭಾಗಪ್ಪ ಒಮ್ಮೆ ಬೀದಿಯತ್ತ ತಿರುಗಿ ನೋಡಿದ. "ನಮ್ಮಪ್ಪನವು ರೀ. ತಿಕೋಟಾದಾಗ ವಾಲಿಕಾರ ಇದ್ದ. ಖಜಾನಿಗೆ ಚೀಲ ಒಯ್ತಿದ್ದ. ಇವುಕ್ಕ ಬೆಲಿ ಎಷ್ಟಾದೀತ್ರಿ?"

"ಬೆಲಿ? ಒಂದು ದುಡ್ಡೂ ಬಾಳಂಗಿಲ್ಲ. ಬರೇ ಸೀಸ, ತವರ. ಎಲ್ಲಾ ಖೊಟ್ಟಿ," ಎಂದ ಗುರುಪಾದಯ್ಯ. ಗಾಯದ ಮೇಲೆ ಉಗುರು ಆಡಿಸಿದ. "ಇದು ಖಜಾನಿಯವರ ಉಳಿ ಏಟು. ಖೊಟ್ಟಿ ರೂಪಾಯಿ ಬಂದ್ರ ಅಲ್ಲೇ ಉಳಿ ಹೊಡದು, ತಂದಾವನ ಕೈಯಾಗ ತಿರುಗಿ ಕೊಡ್ತಿದ್ರು. ಕಡಿಮಿ ಬಿದ್ದದ್ದು ಅವನ ತಲಿ ಮ್ಯಾಲೆ."

"ಅಂದ್ರ ಕದ್ದವು ಅಲ್ಲೇನ್ರಿ?"

"ಕದಿಯಾವ ಖೊಟ್ಟಿ ಆರಿಸಿ ಆರಿಸಿ ಕದೀತಾನೇನೋ, ಹುಚ್ಚಾ?"

ಭಾಗಪ್ಪ ಹೊಸ್ತಿಲ ಹೊರಗೇ ಕುಳಿತುಬಿಟ್ಟ. ಗುರುಪಾದಯ್ಯ ಎರಡು ರೂಪಾಯಿ ಅವನ ಕಣ್ಣಿಗೆ ಹಿಡಿದ. "ರಾಜನ ಕಿವಿ ಕೆಳಗ ಈ ಗಂಟು ನೋಡು. ಎಲ್ಲಾದರಾಗೂ ಐತಿ. ಒಂದ ಅಚ್ಚಿನ್ಯಾಗ ಎರದಾವು. ರೈತರ ಮನಿಮನಿಗೂ ಒಂದ ಅಚ್ಚು ಇರ್ತದೇನು? ಚೀಲ ಕಟ್ಟಿ ಅರಗಿನ ಮುದ್ರಿ ಒತ್ತತಿದ್ದಾವ ಯಾರು?"

ಭಾಗಪ್ಪನಿಗೆ ಗೊತ್ತಿತ್ತು. ಆ ಮುದ್ರೆ ಗೌಡರ ಕೈಯದು. ಗುರುಪಾದಯ್ಯ ಉತ್ತರಕ್ಕೆ ಕಾಯದೆ ನಾಣ್ಯಗಳನ್ನು ಚೀಲಕ್ಕೆ ತುಂಬಿದ. ಕಲ್ಲಿನ ಮೇಲಿಡಲು ಬಗ್ಗಿದವನು ಯಾಕೋ ತಡೆದು, ಅವನ ಕೈಗೇ ಕೊಟ್ಟ.

ಸಂಜೆ ಮಗ ಹೇಳಿದ್ದನ್ನೆಲ್ಲ ಸೀತವ್ವ ತಲೆಬಗ್ಗಿಸಿ ಕೇಳಿದಳು. ಆಮೇಲೆ ಒಲೆಯ ಕೊಳ್ಳಿ ಹಿಂದಕ್ಕೆಳೆದು ಹೇಳಿದಳು.

"ಮೊದಲನೇದು ತಂದಾಗ ನಿಮ್ಮಪ್ಪ ಗೌಡ್ರ ಮುಂದ ಇಟ್ಟ. 'ನಾ ಛಲೋನ ಕಟ್ಟೇನಿ, ನೀನ ಹಾದ್ಯಾಗ ಬದಲಿ ಮಾಡೀದಿ. ಜೇಲಿಗೆ ಹಾಕಸ್ಲೇನು?' ಅಂದ್ರು. ಅವತ್ತಿನಿಂದ ಒಂದೊಂದಕ್ಕೂ ನಮ್ಮ ಪಾಲಿನ ಜೋಳ ಮುರಕೊಂಡ್ರು. ಒಂದ ವರ್ಷಂತೂ ನಾ ಬಬಲೇಶ್ವರಕ್ಕ ತವರಮನಿಗೆ ಹೋಗಿ ಬೇಡಿ ತಂದು ನಿನಗ ಅಂಬಲಿ ಕುಡಿಸೇನಿ."

"ನನಗ್ಯಾಕ ಹೇಳಲಿಲ್ಲ ಬೇ? ನಾ ಅವನ್ನ ಕಳ್ಳ ಅಂದ್ಕೊಂಡೆ."

"ಹೇಳಿದ್ರ ನೀ ಹೋಗಿ ಅವರ ಮುಂದ ನಿಲ್ತಿದ್ದಿ. ನನಗಿರಾವ ನೀ ಒಬ್ಬ," ಎಂದ ಸೀತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರರೆ ಒಂದ ದಿನ ಕೇಳ್ತಾರ, ಆಗ ತೋರಸ್ತೇನಿ ಅಂತ ನಿಮ್ಮಪ್ಪ ಇಟ್ಟಿದ್ದ. ಯಾರೂ ಕೇಳಲಿಲ್ಲ."

ಭಾಗಪ್ಪ ಆ ರಾತ್ರಿ ಅತ್ತ. ನಾಚಿಕೆಯಿಂದಲೇ ಹೆಚ್ಚು ಅತ್ತ.

ಸೋಮವಾರ ಬೆಳಿಗ್ಗೆ ಗೌಡರ ಕಟ್ಟೆಯ ಕೆಳಗೆ ಹೋಗಿ ನಿಂತ. ಕಟ್ಟೆಯ ಮೇಲೆ ಊರ ನಾಲ್ಕು ಮಂದಿ ಕುಳಿತಿದ್ದರು. ಬಸಗೊಂಡಪ್ಪ ಕಾಗದ ಮುಂದೆ ಸರಿಸಿದ. "ಸಹಿ ಮಾಡು."

ಭಾಗಪ್ಪ ಚೀಲ ಬಿಚ್ಚಿ ಒಂದು ರೂಪಾಯಿಯನ್ನು ಕಟ್ಟೆಯ ಕಲ್ಲಿನ ಮೇಲೆ ಬಿಟ್ಟ. ಠಪ್. ಇನ್ನೊಂದು ಬಿಟ್ಟ. ಠಪ್. ಕೂತವರು ಕತ್ತು ಚಾಚಿದರು.

"ಏನೋ ಅದು ಸಪ್ಪಳ?" ಎಂದ ಒಬ್ಬ.

"ಖಜಾನ್ಯಾಗ ಉಳಿ ಹೊಡದ ರೂಪಾಯಿ ರೀ. ಮೂವತ್ತೆಂಟು ಅದಾವು. ಎಲ್ಲಾ ಒಂದ ಅಚ್ಚಿನವು."

ಬಸಗೊಂಡಪ್ಪ ತಟ್ಟನೆ ಕೈ ಎತ್ತಿ, "ನೀವು ನಡೀರಿ, ಆಮ್ಯಾಲೆ ಬರ್ರಿ," ಎಂದು ಎಲ್ಲರನ್ನೂ ಕಳಿಸಿದ. ಅವರು ತಿರುತಿರುಗಿ ನೋಡುತ್ತ ಹೋದರು. ಗೌಡ ಕಟ್ಟೆಯ ಅಂಚಿಗೆ ಸರಿದ. ಅವನ ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಭಾಗಪ್ಪ ಆ ಮುಖ ನೋಡಿದ. ಅಲ್ಲಿದ್ದದ್ದು ಭಯ. ಇಷ್ಟು ದಿನ ಅದರ ಜೊತೆಗೇ ಉಂಡು ಮಲಗಿದವನಿಗೆ ಅದರ ಗುರುತು ಸಿಗದಿರುತ್ತದೆಯೇ?

"ಅವನ್ನ ಇಲ್ಲಿ ಕೊಡು ತಮ್ಮಾ," ಎಂದ ಗೌಡ, ದನಿ ತಗ್ಗಿಸಿ. "ಒಂದಕ್ಕ ಐದರಂಗ ಕೊಡ್ತೇನಿ. ಸಾಲದಿದ್ರ ಹತ್ತು ಕೊಡ್ತೇನಿ. ನೀನ ಬೆಲಿ ಹೇಳು."

ಭಾಗಪ್ಪ ಎರಡೂ ರೂಪಾಯಿ ಹೆಕ್ಕಿ ಚೀಲಕ್ಕೆ ಹಾಕಿಕೊಂಡ. ಕಾಗದವನ್ನು ಮುಟ್ಟದೆ ಅಲ್ಲೇ ಬಿಟ್ಟ.

"ಇವುಕ್ಕ ಒಮ್ಮಿ ಬೆಲಿ ಕೊಟ್ಟಾಗೇದ್ರಿ ಗೌಡ್ರ. ನಮ್ಮಪ್ಪ ಕೊಟ್ಟಾನ."

ಅಂದೇ ವಿಜಾಪುರದ ಬಸ್ಸು ಹತ್ತಿ, ಹೊಲ ತಮ್ಮ ಹೆಸರಿಗೆ ಆಗಬೇಕೆಂದು ತಹಸೀಲ್ದಾರರ ಕಚೇರಿಯಲ್ಲಿ ಅರ್ಜಿ ಕೊಟ್ಟ. ಅರ್ಜಿ ಚಾಚಿದಾಗ ರೂಪಾಯಿಗಳ ಚೀಲ ಅವನ ಇನ್ನೊಂದು ಕೈಯಲ್ಲಿತ್ತು.