ಬಾವುಟ ಇಳಿಯುವವರೆಗೆ

"ಏ ಮುಂಡೆ, ಎಲ್ಲಿಗೆ ಹೊತ್ಕೊಂಡು ಹೋಗ್ತಿದೀಯ ಅದನ್ನ? ಗಂಡನ ಹೆಣ ಹೊತ್ತಿದ್ದು ಸಾಲ್ದೇ ಬಾವುಟಕ್ಕೂ ಮೆರವಣಿಗೆ ಬೇಕಾ? ಇಲ್ಲೇ ನಿಲ್ಲು!"

ಗುತ್ತಿಗೆದಾರ ನೀರಿನ ಡ್ರಮ್ಮಿನ ಪಕ್ಕದ ನೆಲವನ್ನು ಬೂಟಿನಿಂದ ಒದ್ದು ತೋರಿಸಿದ. ಹಿಂದಿನ ವಾರ ಬಂಡೆಯಿಂದ ಸಿಡಿದ ಕಲ್ಲೊಂದು, ಈಗ ಬಾವುಟ ಹೊತ್ತು ನಿಂತ ಹೆಂಗಸಿನ ಗಂಡನ ತಲೆ ಒಡೆದದ್ದು ಅಲ್ಲಿಯೇ. ರಕ್ತದ ಮೇಲೆ ಎರಚಿದ್ದ ಜಲ್ಲಿಪುಡಿ ಅವನ ಬೂಟಿಗೆ ಮೆತ್ತಿಕೊಂಡಿತು.

ಗುಡ್ಡ ಸೀಳಿ ರಸ್ತೆ ಮಾಡುವ ಕೂಲಿಗಳು ನಾವು. ಮೊದಲೆಲ್ಲ ಮದ್ದು ಸಿಡಿಸುವಾಗ ಆಚೆಯ ತಿರುವಿನವರೆಗೂ ಓಡಿ ಅಡಗುತ್ತಿದ್ದೆವು. ಓಡಾಟದಲ್ಲೇ ಹೊತ್ತು ಹಾಳಾಗುತ್ತದೆಂದು ಗುತ್ತಿಗೆದಾರ ಗಡಿಯನ್ನು ಡ್ರಮ್ಮಿನ ಹತ್ತಿರಕ್ಕೆ ಎಳೆದ. ಕೆಂಪು ಬಾವುಟ ಹಿಡಿದವರು ಆ ಗಡಿಯಲ್ಲಿ ನಿಲ್ಲಬೇಕು. ಬಾವುಟ ಮೇಲಿರುವಷ್ಟು ಹೊತ್ತು ಮದ್ದಿನವನು ಗುಂಡಿ ಒತ್ತುವಂತಿಲ್ಲ; ಇಳಿದರೆ, ಇಲ್ಲವೇ ಗಡಿ ಬಿಟ್ಟು ಕದಲಿದರೆ, ಒತ್ತಲೇಬೇಕು, ಮರುಮಾತಿಲ್ಲ. ಆ ಕಟ್ಟಳೆಯೂ ಅವನದೇ.

ಸಾವಿನ ವಿಚಾರಣೆಗೆ ಬಂದಿದ್ದ ಇಂಜಿನಿಯರು ಧೂಳಿಗೆ ಮೂಗು ಮುಚ್ಚಿಕೊಂಡು, "ಇಷ್ಟು ದೂರ ಸಾಕೇನ್ರೀ?" ಎಂದರು.

"ಧಾರಾಳ ಸಾರ್. ಆ ಬೋಳಿಮಗ ಕುಡಿದು ತಲೆ ಎತ್ತಿದ, ಸತ್ತ. ಜಾಗದ್ದೇನೂ ತಪ್ಪಿಲ್ಲ ಅಂತ ಬರ್ಕೊಳ್ಳಿ."

"ನನ್ನ ಗಂಡ ಒಂದು ತೊಟ್ಟೂ ಮುಟ್ಟಿದೋನಲ್ಲ," ಎಂದಳು ಆಕೆ. "ಜಾಗ ಅಷ್ಟು ಚೆನ್ನಾಗಿದ್ರೆ ನೀವೇ ನಿಂತು ತೋರ್ಸಿ ಧಣಿ."

"ನಿಲ್ತೀನಿ ಕಣೇ! ನಿಮ್ಮಪ್ಪನ ಭಯಾನಾ ನಂಗೆ?"

ಅವನು ಬಾವುಟ ಕಿತ್ತುಕೊಂಡು ತಲೆಯ ಮೇಲೆತ್ತಿದ. ಆಕೆ ಎಳೆದಾಡಲಿಲ್ಲ, ಸುಮ್ಮನೆ ಕೋಲು ಬಿಟ್ಟಳು. "ನಡೀರಿ," ಎಂದು ನಮ್ಮತ್ತ ನೋಡಿದಳು. ನಾವೆಲ್ಲ ತಿರುವಿನತ್ತ ನಡೆದೆವು. ನಮಗಿಂತ ಮೊದಲು ಅಲ್ಲಿಗೆ ತಲುಪಿದವರು ಇಂಜಿನಿಯರು.

ತಿರುವಿನಲ್ಲೇ, ಮದ್ದು ತುಂಬಿದ ಬಂಡೆಯಿಂದ ಬಂದ ತಂತಿಯ ಕೊನೆಯಲ್ಲಿ, ಗುಂಡಿಯ ಪೆಟ್ಟಿಗೆಯೆದುರು, ಮದ್ದಿನವನು ಕುಕ್ಕರಗಾಲಲ್ಲಿ ಕೂತಿದ್ದ. ಸತ್ತವನ ಒಡಹುಟ್ಟಿದ ತಮ್ಮ.

ಗುತ್ತಿಗೆದಾರ ಹಿಂತಿರುಗಿ ನೋಡಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಲೋ, ಗುಂಡಿ ಮುಟ್ಟೀಯ!"

"ಬಾವುಟ ಮೇಲಿದೆಯಲ್ಲ ಧಣಿ, ಹೇಗೆ ಒತ್ಲಿ?" ಎಂದ ಮದ್ದಿನವನು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು.

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಈ ಜಾಗದಲ್ಲಿ ನಿಂತೋರು ಸಾಯ್ತಾರೆ ಅಂತ ಒಂದೇ ಒಂದ್ಸಲ ಹೇಳಿ, ಸಾಹೇಬ್ರು ಕೇಳಿಸ್ಕೊಳ್ಲಿ. ಆಮೇಲೆ ಬಾವುಟ ಎತ್ಕೊಂಡೇ ಬಂದ್ಬಿಡಿ!"

"ನಿನ್ನ ನಾಲಿಗೆ ಸೀಳ್ತೀನಿ, ಬೇವರ್ಸಿ!"

"ಹಾಗಾದ್ರೆ ಅಲ್ಲೇ ಇರಿ."

ಬಿಸಿಲು ನೆತ್ತಿಗೇರಿತು. ಅವನು ಕೈ ಬದಲಿಸಿದ, ಮತ್ತೆ ಬದಲಿಸಿದ. ಇಂಜಿನಿಯರು ಗಡಿಯಾರ ನೋಡಿಕೊಂಡರೇ ಹೊರತು ತಿರುವು ದಾಟಲಿಲ್ಲ. ನಾವು ಬುತ್ತಿ ಬಿಚ್ಚಿದೆವು. ಆಕೆ ಮಾತ್ರ ಉಣ್ಣಲಿಲ್ಲ.

"ಅತ್ತಿಗೆ, ಕೈ ಸೋಲ್ತಿದೆ," ಎಂದ ಮದ್ದಿನವನು.

"ನಿಂದಾ?"

"ಅವಂದು."

"ಸರಿ. ನೋಡ್ತಾ ಇರು."

ಗುತ್ತಿಗೆದಾರ ಬಾಯಿ ತೆರೆದಿದ್ದ. ಮಾತು ಇನ್ನೂ ಹೊರಟಿರಲಿಲ್ಲ. ಬಾವುಟ ಅವನ ಕಿವಿಯ ಮಟ್ಟಕ್ಕೆ ಬಂದಿತ್ತು.